ಫ್ಯಾನ್ ತಿರುಗುತ್ತದೆ, ಬಲ್ಬ್ ಉರಿಯುವುದಿಲ್ಲ: ಹಳೆ ಸ್ಲೈಡ್ ಪ್ರೊಜೆಕ್ಟರ್ ರಿಪೇರಿ ಕಲಿಯುವವರಿಗೆ

"ಫ್ಯಾನ್ ತಿರುಗುತ್ತೆ ಕಣ್ರೀ, ಬಲ್ಬ್ ಒಂದು ಹಾಕಿದ್ರೆ ಆಯ್ತು." ಮೈಸೂರಿನ ಗುಜರಿ ಅಂಗಡಿಗಳಲ್ಲಿ ಹಳೆ ಸ್ಲೈಡ್ ಪ್ರೊಜೆಕ್ಟರ್ ಕೈಗೆತ್ತಿಕೊಂಡರೆ ಈ ಮಾತು ಕೇಳಿಯೇ ಕೇಳುತ್ತೀರಿ. ಸುಳ್ಳಲ್ಲ, ಆದರೆ ಅರ್ಧ ಸತ್ಯ. ಫ್ಯಾನ್ ತಿರುಗಿದರೆ ವೈರು, ಪ್ಲಗ್ಗು, ಮೇನ್ ಸ್ವಿಚ್ಚು, ಮೇನ್ ಫ್ಯೂಸು ಚೆನ್ನಾಗಿವೆ ಎಂದಷ್ಟೇ ಅರ್ಥ. ಬಲ್ಬಿಗೆ ಕರೆಂಟು ಹೋಗುವ ದಾರಿ ಬೇರೆ, ಅದು ಉದ್ದವೂ ಹೌದು. ಟ್ರಾನ್ಸ್‌ಫಾರ್ಮರಿನ 24 ವೋಲ್ಟಿನ ಸುತ್ತು, ಬಲ್ಬಿನ ಸ್ವಿಚ್ಚು, ಬಿಸಿ ಮಿತಿಮೀರಿದರೆ ಹಾರುವ ಶಾಖದ ಫ್ಯೂಸು, ಕೆಲವು ಮಾಡೆಲ್‌ಗಳಲ್ಲಿ ಬಾಗಿಲು ಮುಚ್ಚಿದಾಗ ಮಾತ್ರ ಕೂಡುವ ಸಣ್ಣ ಸ್ವಿಚ್ಚು, ಕೊನೆಗೆ ಹೋಲ್ಡರ್. ಇದರಲ್ಲಿ ಯಾವುದು ಕೈಕೊಟ್ಟರೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತದೆ: ಕತ್ತಲು.

ಮೊದಲು ಹಿಂಭಾಗದ ತಗಡು ಓದಿ. 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ಅದು ಅಮೆರಿಕದಿಂದ ಬಂದ ಮಾಲು. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಬಲ್ಬ್ ಅಲ್ಲೇ ಢಮಾರ್. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 300 ವ್ಯಾಟ್ ಬಲ್ಬಿನ ಯಂತ್ರಕ್ಕೆ 500 ವಿಎ (ವೋಲ್ಟ್-ಆಂಪ್) ಸಾಮರ್ಥ್ಯದ್ದು ಇದ್ದರೆ ನೆಮ್ಮದಿ. ಆದರೂ 60 ಹರ್ಟ್ಸಿನ ಫ್ಯಾನ್ ನಮ್ಮ 50 ಹರ್ಟ್ಸಿನಲ್ಲಿ ಹೆಚ್ಚುಕಡಿಮೆ ಆರರಲ್ಲಿ ಐದು ಪಾಲು ವೇಗದಲ್ಲೇ ತಿರುಗುತ್ತದೆ, ಗಾಳಿ ಕಡಿಮೆ. ಅಂಥ ಯಂತ್ರ ಪುಕ್ಕಟೆ ಸಿಕ್ಕರೆ ತಗೊಳ್ಳಿ, ದುಡ್ಡು ಕೊಟ್ಟು ಬೇಡ. ಅದರಲ್ಲಿ ಬಲ್ಬಿನ ಕಾಲಿಗೇ ಮೇನ್ಸ್ ಕರೆಂಟು ಬರಬಹುದು. ಹಾಗಾಗಿ ಮುಂದೆ ಹೇಳುವ ಪರೀಕ್ಷೆಗಳು 24 ವೋಲ್ಟಿನ ಬಲ್ಬ್ ಇರುವ ಯಂತ್ರಗಳಿಗೆ ಮಾತ್ರ.

ಇನ್ನು ಬಲ್ಬ್. ಪ್ಲಗ್ ಕಿತ್ತು, ಆರಲು ಬಿಟ್ಟು, ಬಟ್ಟೆಯಲ್ಲಿ ಹಿಡಿದು ಹೊರತೆಗೆಯಿರಿ. ಗಾಜು ಕಪ್ಪಾಗಿದ್ದರೆ, ಊದಿಕೊಂಡಿದ್ದರೆ, ತಂತಿ ತುಂಡಾಗಿದ್ದರೆ ಕಣ್ಣಿಗೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. 24 ವೋಲ್ಟ್, 250 ವ್ಯಾಟ್ ಬಲ್ಬ್ ಉರಿಯುವಾಗ ಸುಮಾರು 10 ಆಂಪ್ ಎಳೆಯುತ್ತದೆ, ಆಗ ಅದರ ರೋಧ (ರೆಸಿಸ್ಟೆನ್ಸ್) 2.3 ಓಮ್. ತಣ್ಣಗಿದ್ದಾಗ ಅದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ ಅಂತ ಗಾಬರಿಯಾಗಬೇಡಿ, ಬಲ್ಬ್ ಜೀವಂತವಾಗಿದೆ ಅಂತ ಖುಷಿಪಡಿ.

ಹೊಸ ಬಲ್ಬ್ ತರುವಾಗ ಒಂದು ಎಚ್ಚರ. ಕೊಡಾಕ್ 2004ರಲ್ಲೇ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿತು, ಆದರೆ ಬಲ್ಬ್‌ಗಳು ಇನ್ನೂ ಸಿಗುತ್ತವೆ. 24 ವೋಲ್ಟಿನ 250 ವ್ಯಾಟ್ ಬಲ್ಬ್ ಅನೇಕ ಓಎಚ್‌ಪಿಗಳಿಗೂ (ಓವರ್‌ಹೆಡ್ ಪ್ರೊಜೆಕ್ಟರ್) ಹಾಕುವಂಥದ್ದು, ಸಂಕೇತ ಇಎಚ್‌ಜೆ. 150 ವ್ಯಾಟಿನದು ಎಫ್‌ಸಿಎಸ್, ಆಪರೇಷನ್ ಥಿಯೇಟರ್ ದೀಪಗಳಲ್ಲೂ ಬಳಸುತ್ತಾರೆ. ತೊಂದರೆ ಏನೆಂದರೆ ಎರಡರ ಕಾಲೂ ಒಂದೇ ಅಳತೆ. 150 ವ್ಯಾಟಿನ ಯಂತ್ರದಲ್ಲಿ 250ರದು ಸುಮ್ನೆ ಹೋಗಿ ಕೂತುಬಿಡುತ್ತದೆ. ಜಾಸ್ತಿ ಬೆಳಕು ಬರಲಿ ಅಂತ ಹಾಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಶಾಖದ ಫ್ಯೂಸೋ ಟ್ರಾನ್ಸ್‌ಫಾರ್ಮರೋ ಹೋಗುತ್ತದೆ. ಗುಜರಿಗೆ ಬಂದ ಯಂತ್ರದಲ್ಲಿ ಹಿಂದಿನವರು ಯಾವ ಬಲ್ಬ್ ಹಾಕಿದ್ದರು ಅಂತ ನೋಡಿ. ಕೆಟ್ಟ ಕಾರಣ ಅಲ್ಲೇ ಸಿಗಬಹುದು. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು, ಉಪ್ಪು ಅಂಟಿದ ಕಡೆ ಬಲ್ಬಿನ ಕ್ವಾರ್ಟ್ಸ್ ಗಾಜು ಮಸುಕಾಗಿ ಬಿರುಕು ಬಿಡುತ್ತದೆ.

ಬಲ್ಬ್ ಚೆನ್ನಾಗಿದೆ, ಆದರೂ ಕತ್ತಲು. ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಹೋಲ್ಡರಿಗೆ ಮೀಟರ್ ಕಡ್ಡಿ ತಾಗಿಸಿದರೆ ಸರಿಯಾಗಿ 24 ವೋಲ್ಟ್ ತೋರಿಸುತ್ತದೆ. ಬಲ್ಬ್ ಹಾಕಿದರೆ ಏನೂ ಇಲ್ಲ. ಮೀಟರ್ ಸುಳ್ಳು ಹೇಳುತ್ತಿದೆಯಾ? ಇಲ್ಲ. ಅದು ಎಳೆಯುವ ಕರೆಂಟು ಎಷ್ಟು ಅಲ್ಪ ಎಂದರೆ ಕಿಲುಬು ಹಿಡಿದ ಕೂಡುವಿಕೆಯಲ್ಲೂ ಅದು ತೂರಿಬರುತ್ತದೆ. ಬಲ್ಬಿಗೆ ಬೇಕಾದ 10 ಆಂಪ್ ಬರುವುದಿಲ್ಲ. ಲೆಕ್ಕ ಹಾಕಿ ನೋಡಿ. ದಾರಿಯಲ್ಲಿ ಎಲ್ಲೋ ಒಂದು ಕಡೆ 10 ಓಮ್ ರೋಧ ಕೂತಿದೆ ಅಂದುಕೊಳ್ಳಿ. ತಣ್ಣಗಿನ ಬಲ್ಬಿನ 0.2 ಓಮ್ ಸೇರಿಸಿದರೆ ಹರಿಯುವುದು 2.35 ಆಂಪ್. ಬಲ್ಬಿಗೆ ಸಿಗುವುದು ಅರ್ಧ ವೋಲ್ಟಿನ ಆಸುಪಾಸು, ತಂತಿ ಕೆಂಪಾಗಲೂ ಸಾಲದು. ಉಳಿದ 23 ಚಿಲ್ಲರೆ ವೋಲ್ಟ್ ಆ ಕೆಟ್ಟ ಜಾಗದಲ್ಲೇ ಬಿದ್ದುಹೋಗುತ್ತದೆ. ಅಲ್ಲಿ 55 ವ್ಯಾಟ್ ಶಾಖ, ಒಂದು ಸೋಲ್ಡರಿಂಗ್ ಐರನ್ನಿನಷ್ಟು! ಸುಟ್ಟ ವಾಸನೆ ಬರುವುದು ಅದಕ್ಕೇ. ಇನ್ನೊಂದು ವಿಷಯ, ದಾರಿ ಕೂಡಿದೆಯಾ ಅಂತ ನೋಡುವ ಬೀಪ್ ಪರೀಕ್ಷೆಯಲ್ಲಿ 10 ಓಮ್ ಇದ್ದರೂ ಸಾಮಾನ್ಯವಾಗಿ ಮೀಟರು ಬೀಪ್ ಅನ್ನುತ್ತದೆ. ಬೀಪ್ ನಂಬಿ ಕೂತರೆ ದಿನವೆಲ್ಲ ಕಳೆದರೂ ತಪ್ಪು ಸಿಗಲ್ಲ.

ಆದ್ದರಿಂದ ಬಲ್ಬ್ ಹಾಕಿಟ್ಟೇ ಅಳೆಯಿರಿ. ಟ್ರಾನ್ಸ್‌ಫಾರ್ಮರಿನ 24 ವೋಲ್ಟಿನ ಎರಡು ತುದಿಯಲ್ಲಿ ಒಮ್ಮೆ, ಸ್ವಿಚ್ಚಿನ ಆಚೆ ಈಚೆ ಒಮ್ಮೆ, ಹೋಲ್ಡರಿನ ತಂತಿಗೂ ಬಲ್ಬಿನ ಕಾಲಿಗೂ ನಡುವೆ ಒಮ್ಮೆ. ಟ್ರಾನ್ಸ್‌ಫಾರ್ಮರಿನ ತುದಿಯಲ್ಲಿ 24ರ ಆಸುಪಾಸು ಬರಬೇಕು. ಉಳಿದ ಕಡೆ, ಸರಿಯಿರುವ ಜಾಗದ ಎರಡು ಬದಿಗೆ ಕಡ್ಡಿ ಇಟ್ಟರೆ ಸೊನ್ನೆಯ ಹತ್ತಿರ ಬರಬೇಕು. ಅವುಗಳಲ್ಲಿ ಎಲ್ಲಿ ದೊಡ್ಡ ಸಂಖ್ಯೆ ಬರುತ್ತದೋ ಅಲ್ಲೇ ಕಳ್ಳ. ಮುಚ್ಚಳ ತೆಗೆದಾಗ ಪಕ್ಕದಲ್ಲೇ 230 ವೋಲ್ಟ್ ಇರುತ್ತದೆ, ಒಂದು ಕೈ ಹಿಂದಕ್ಕಿಟ್ಟುಕೊಳ್ಳಿ. ಕಡ್ಡಿಗೆ ಮೊಸಳೆ ಕ್ಲಿಪ್ ಹಾಕಿ, ಆಮೇಲೆ ಪ್ಲಗ್ ಚುಚ್ಚಿ. ಕೈ ಪಳಗದವರು ಗೊತ್ತಿರುವವರ ಜೊತೆ ಕೂತೇ ಇದನ್ನು ಮಾಡಬೇಕು.

ಹೆಚ್ಚಾಗಿ ಕಳ್ಳ ಹೋಲ್ಡರೇ. ಪಿಂಗಾಣಿಯ ಒಳಗಿನ ಹಿಡಿಕೆ ನೀಲಿ, ಕಪ್ಪು ತಿರುಗಿ ಸಡಿಲವಾಗಿರುತ್ತದೆ. ಉಜ್ಜಿದರೆ ಒಂದು ಸಂಜೆ ಉರಿಯುತ್ತದೆ, ಆಮೇಲೆ ಮತ್ತೆ ಅದೇ ಕತೆ, ಏಕೆಂದರೆ ಸ್ಪ್ರಿಂಗಿನ ಬಿಗಿ ಬಿಸಿಗೆ ಹೋಗಿಬಿಟ್ಟಿರುತ್ತದೆ. ಹೋಲ್ಡರನ್ನೇ ಬದಲಿಸುವುದು ಒಳ್ಳೆಯದು, ಅಂಥ ದುಬಾರಿ ಸಾಮಾನೇನಲ್ಲ. ಸುಟ್ಟ ಹೋಲ್ಡರಿನಲ್ಲಿದ್ದ ಬಲ್ಬಿನ ಕಾಲಿಗೂ ಕಿಟ್ಟ ಹಿಡಿದಿದ್ದರೆ ಅದನ್ನು ಹೊಸ ಹೋಲ್ಡರಿಗೆ ಹಾಕಬೇಡಿ, ಅದೂ ಹಾಳಾಗುತ್ತದೆ.

ಶಾಖದ ಫ್ಯೂಸು ಒಮ್ಮೆ ಹೋದರೆ ಹೋಯಿತು. ಅದನ್ನು ತಂತಿಯಿಂದ ಸೇರಿಸಿಬಿಡುವವರಿದ್ದಾರೆ, ದಯವಿಟ್ಟು ಬೇಡ. ಅದೇ ಡಿಗ್ರಿ, ಅದೇ ಆಂಪಿನ ಫ್ಯೂಸು ತಂದು ಹಾಕಿ. ಬೆಸುಗೆಯ ಬಿಸಿಗೇ ಹೊಸ ಫ್ಯೂಸು ಹಾರಿಹೋಗಬಹುದು, ಅದರ ಕಾಲನ್ನು ಇಕ್ಕಳದಲ್ಲಿ ಹಿಡಿದು ಬೆಸೆಯಿರಿ. ಯಾಕೆ ಹಾರಿತು ಅನ್ನುವುದನ್ನೂ ಹುಡುಕಬೇಕು ಅಲ್ವಾ? ಗಾಳಿ ಕಿಂಡಿಯಲ್ಲಿ ಧೂಳು, ಫ್ಯಾನಿನ ಬುಡದಲ್ಲಿ ಗಟ್ಟಿಯಾದ ಗ್ರೀಸು ಇರುತ್ತದೆ. ಬೆರಳಲ್ಲಿ ತಿರುಗಿಸಿ ಬಿಟ್ಟರೆ ಫ್ಯಾನ್ ಸ್ವಲ್ಪ ಹೊತ್ತು ತಾನೇ ತಿರುಗಬೇಕು.

ವೋಲ್ಟೇಜ್ ಕಡಿಮೆ ಇದೆ ಅಂತ ಕರೆಂಟಿನವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಮಂಡ್ಯದ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ 230 ಇರಬೇಕಾದದ್ದು 200ಕ್ಕೆ ಇಳಿದರೂ ಬಲ್ಬ್ ಉರಿಯುತ್ತದೆ, ಬೆಳಕು ಸುಮಾರು ಶೇ. 60ಕ್ಕೆ ಇಳಿದು ಹಳದಿಯಾಗುತ್ತದೆ ಅಷ್ಟೇ. ವೋಲ್ಟೇಜ್ ಏರುವುದೇ ನಿಜವಾದ ಕಾಟ. ಶೇ. 5 ಏರಿದರೂ ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಯಂತ್ರದಲ್ಲಿ 220, 240 ಅಂತ ಆಯ್ಕೆ ಇದ್ದರೆ 240ಕ್ಕೆ ತಿರುಗಿಸಿಡಿ.

ಬಲ್ಬ್ ಉರಿದ ಮೇಲೂ ಸ್ಲೈಡ್ ಹಾಕದೆ ಕಾಲು ಗಂಟೆ ಓಡಿಸಿ, ಪ್ಲಗ್ ಕಿತ್ತು ಹೋಲ್ಡರ್ ನೋಡಿ. ಬಣ್ಣ ತಿರುಗಿಲ್ಲ, ವಾಸನೆ ಇಲ್ಲ ಅಂದರೆ ಮಾತ್ರ ಮನೆಯವರ ಹಳೆ ಫೋಟೋ ಸ್ಲೈಡುಗಳನ್ನು ಒಳಗೆ ಬಿಡಿ.