251 ಗೋಲು, ಒಂದು ಮಂಡಿ

ಬ್ರಿಯಾನ್ ಕ್ಲಫ್ ಎಂದರೆ ಫುಟ್‌ಬಾಲ್ ಬಲ್ಲವರಿಗೆ ನೆನಪಾಗುವುದು ಮ್ಯಾನೇಜರ್ ಕ್ಲಫ್. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಂಥ ತಂಡಕ್ಕೆ 1979 ಮತ್ತು 1980ರಲ್ಲಿ ಬೆನ್ನುಬೆನ್ನಿಗೆ ಯುರೋಪಿಯನ್ ಕಪ್ ಗೆದ್ದುಕೊಟ್ಟ ಮನುಷ್ಯ, ಬಾಯಿ ಬಿಟ್ಟರೆ ಪತ್ರಿಕೆಗಳಿಗೆ ಹಬ್ಬ. ಆ ಖ್ಯಾತಿಯ ಅಡಿಯಲ್ಲಿ ಆಟಗಾರ ಕ್ಲಫ್ ಹೂತುಹೋದರು. ಅವರು ಆಡಿದ ಲೀಗ್ ಪಂದ್ಯ 274, ಹೊಡೆದ ಗೋಲು 251. ಪಂದ್ಯಕ್ಕೆ 0.92ರ ಸರಾಸರಿ!

ಇದರಲ್ಲಿ 197 ಗೋಲು ಹುಟ್ಟೂರು ಮಿಡಲ್ಸ್‌ಬರೋ ತಂಡಕ್ಕೆ, ಉಳಿದ 54 ಸಂಡರ್‌ಲ್ಯಾಂಡ್‌ಗೆ. 1958-59ರ ಹಂಗಾಮಿನಲ್ಲಂತೂ 42 ಪಂದ್ಯಕ್ಕೆ 43 ಗೋಲು. ಆದರೂ ಇಂಗ್ಲೆಂಡ್ ಪರ ಆಡಲು ಸಿಕ್ಕಿದ್ದು 1959ರ ಅಕ್ಟೋಬರಿನಲ್ಲಿ ಎರಡೇ ಪಂದ್ಯ. ಕೊನೆಯ ಮೂರು ಪಂದ್ಯ ಬಿಟ್ಟರೆ ಅವರ ಲೀಗ್ ಆಟವೆಲ್ಲ ಎರಡನೇ ಡಿವಿಷನ್ನಿನಲ್ಲೇ ನಡೆದದ್ದರಿಂದ ಆ ಗೋಲುಗಳಿಗೆ ಬೆಲೆ ಕಡಿಮೆ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ವಾದಕ್ಕೆ ಉತ್ತರ ಮೊದಲ ಡಿವಿಷನ್ನಿನಲ್ಲಿ ಸಿಗಬೇಕಿತ್ತು. ಮಂಡಿ ಬಿಡಲಿಲ್ಲ.

1962ರ ಡಿಸೆಂಬರ್ 26, ಸಂಡರ್‌ಲ್ಯಾಂಡ್‌ನ ಅಂಗಳ ರೋಕರ್ ಪಾರ್ಕ್, ಎದುರಾಳಿ ಬ್ಯೂರಿ. ಆ ಹಂಗಾಮಿನಲ್ಲಿ ಕ್ಲಫ್ ಅದುವರೆಗೆ 24 ಲೀಗ್ ಗೋಲು ಹೊಡೆದಿದ್ದರು. ಹಿಮಗಟ್ಟಿದ ಗಟ್ಟಿ ನೆಲ. ಚೆಂಡಿನ ಹಿಂದೆ ಓಡಿದ ಕ್ಲಫ್ ಮುನ್ನುಗ್ಗಿ ಬಂದ ಗೋಲ್‌ಕೀಪರ್ ಕ್ರಿಸ್ ಹಾರ್ಕರ್‌ಗೆ ಡಿಕ್ಕಿಯಾದರು. ಕೀಪರ್‌ನ ಭುಜ ನೇರ ಮಂಡಿಗೆ ಬಡಿಯಿತು. ಬದಲಿ ಆಟಗಾರರಿಗೆ ಇಂಗ್ಲಿಷ್ ಲೀಗ್ ಅವಕಾಶ ಕೊಟ್ಟದ್ದು 1965ರಲ್ಲಿ, ಹಾಗಾಗಿ ಸಂಡರ್‌ಲ್ಯಾಂಡ್ ಹತ್ತೇ ಮಂದಿಯಲ್ಲಿ ಆಡಿ 0-1ರಿಂದ ಸೋತಿತು. ಹಂಗಾಮು ಮುಗಿದಾಗ ಚೆಲ್ಸಿಯಷ್ಟೇ ಪಾಯಿಂಟ್ ಗಳಿಸಿಯೂ ಗೋಲು ಸರಾಸರಿಯಲ್ಲಿ (ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಿದ ಲೆಕ್ಕ) ಹಿಂದೆ ಬಿದ್ದು ಬಡ್ತಿ ಕಳೆದುಕೊಂಡಿತು. ಗೋಲು ಹೊಡೆಯುವವನು ಹಾಸಿಗೆಯಲ್ಲಿದ್ದ.

ಹರಿದದ್ದು ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರಿನ ಪಟ್ಟಿಗಳು, ಅಂದರೆ ಎರಡು ಲಿಗಮೆಂಟು: ಮಂಡಿಯ ಒಳಬದಿಯಲ್ಲಿರುವ ಎಂಸಿಎಲ್ ಮತ್ತು ಕೀಲಿನ ನಡುವೆ ಅಡ್ಡಹಾಯುವ ಕ್ರೂಸಿಯೇಟ್. ಈ ಎರಡರ ಹಣೆಬರಹ ಬೇರೆಬೇರೆ. ಎಂಸಿಎಲ್ ಕೀಲಿನ ಹೊರಗೆ, ರಕ್ತ ಚೆನ್ನಾಗಿ ಹರಿಯುವ ಅಂಗಾಂಶಗಳ ನಡುವೆ ಇದೆ. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಮೇಲೆ ಹೊಸ ನಾರು ಬೆಳೆಯುತ್ತದೆ. ಬ್ರೇಸ್ ಹಾಕಿ ಆರೇಳು ವಾರ ಕಾದರೆ ಬಹುಪಾಲು ತಾನೇ ಕೂಡಿಕೊಳ್ಳುತ್ತದೆ. ಕ್ರೂಸಿಯೇಟ್ ಇರುವುದು ಕೀಲಿನ ಒಳಗೆ, ಸುತ್ತಲೂ ಕೀಲುದ್ರವ. ಹರಿದ ತುದಿಗಳು ದೂರ ಸರಿಯುತ್ತವೆ, ಹೆಪ್ಪು ನಿಲ್ಲುವ ಮೊದಲೇ ದ್ರವದಲ್ಲಿ ಕರಗಿಹೋಗುತ್ತದೆ. ಸೇತುವೆ ಕಟ್ಟಲು ಕಂಬವೇ ಇಲ್ಲದಂತೆ.

ಮುಂಬದಿಯ ಕ್ರೂಸಿಯೇಟ್ ಅಂದರೆ ಎಸಿಎಲ್‌ನ ಉದ್ದ ಸುಮಾರು ಮೂರು ಸೆಂಟಿಮೀಟರ್, ದಪ್ಪ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಕಾಲಿನ ಮೂಳೆ ತೊಡೆಮೂಳೆಯ ಕೆಳಗಿನಿಂದ ಮುಂದಕ್ಕೆ ಜಾರದಂತೆ, ತಿರುಚದಂತೆ ಹಿಡಿಯುವುದು ಇದರ ಕೆಲಸ. ಯುವಕರ ಎಸಿಎಲ್ ಪ್ರಯೋಗಾಲಯದಲ್ಲಿ ಹರಿಯಲು ಸುಮಾರು 2,160 ನ್ಯೂಟನ್ ಬಲ ಬೇಕಾಗಿದೆ, ಅಂದರೆ 220 ಕಿಲೋ ತೂಕ ಜಗ್ಗಿದಷ್ಟು. ನೇರ ಓಟಕ್ಕೆ ಎಸಿಎಲ್ ಇಲ್ಲದಿದ್ದರೂ ಕಾಲು ಹೇಗೋ ಸುಧಾರಿಸಿಕೊಳ್ಳುತ್ತದೆ. ಓಡುತ್ತಿರುವಾಗ ಗಕ್ಕನೆ ನಿಂತು ಪಕ್ಕಕ್ಕೆ ತಿರುಗಿದರೆ ಮಂಡಿ ಕಳಚಿದಂತಾಗುತ್ತದೆ. ಪೆನಾಲ್ಟಿ ಚೌಕದಲ್ಲಿ ಸ್ಟ್ರೈಕರ್ ಮಾಡುವ ಕೆಲಸವೇ ಅದು.

ಕ್ಲಫ್‌ಗೆ ಸಿಕ್ಕ ಚಿಕಿತ್ಸೆ ಆ ಕಾಲದ ಪದ್ಧತಿಯದು: ಪ್ಲಾಸ್ಟರ್, ವಿಶ್ರಾಂತಿ, ಆಮೇಲೆ ಗ್ಯಾಲರಿಯ ಮೆಟ್ಟಿಲು ಹತ್ತಿ ಇಳಿಯುವುದು. ಕಾಲು ಅಲುಗದೆ ವಾರಗಟ್ಟಲೆ ಇದ್ದರೆ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಮಂಡಿ ಪೂರ್ತಿ ನೀಳವಾಗುವುದಿಲ್ಲ. ಎಸಿಎಲ್ ಮಾತ್ರ ಹರಿದಂತೆಯೇ ಇರುತ್ತದೆ. ಇದ್ದ ಸ್ನಾಯುವೂ ಹೋಯಿತು, ಹೋದ ಲಿಗಮೆಂಟೂ ಬರಲಿಲ್ಲ. ಹರಿದ ಕ್ರೂಸಿಯೇಟ್‌ಗೆ ಹೊಲಿಗೆ ಹಾಕುವ ಪ್ರಯತ್ನ 1895ರಲ್ಲೇ ಲೀಡ್ಸ್‌ನಲ್ಲಿ ನಡೆದಿತ್ತು. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ನಡುವಿನ ಪಟ್ಟಿಯನ್ನು ಎಸಿಎಲ್ ಜಾಗಕ್ಕೆ ಕೂರಿಸುವ ವಿಧಾನವನ್ನು ಅಮೆರಿಕದ ಕೆನೆತ್ ಜೋನ್ಸ್ ಪ್ರಕಟಿಸಿದ್ದು 1963ರಲ್ಲಿ, ಕ್ಲಫ್ ಮಲಗಿದ್ದ ವರ್ಷವೇ. ಅದು ಫುಟ್‌ಬಾಲ್ ಆಟಗಾರರಿಗೆ ಮಾಮೂಲಿ ಚಿಕಿತ್ಸೆಯಾಗಲು ಇನ್ನೂ ದಶಕಗಳು ಬೇಕಾದವು.

1964ರ ಸೆಪ್ಟೆಂಬರಿನಲ್ಲಿ ಕ್ಲಫ್ ಮರಳಿದರು. ಆ ಹೊತ್ತಿಗೆ ಸಂಡರ್‌ಲ್ಯಾಂಡ್ ಮೊದಲ ಡಿವಿಷನ್ನಿಗೆ ಏರಿತ್ತು. ಮೂರು ಪಂದ್ಯ ಆಡಿ ಲೀಡ್ಸ್ ವಿರುದ್ಧ ಒಂದು ಗೋಲು ಹೊಡೆದರು. ಅಷ್ಟೇ. 29ನೇ ವಯಸ್ಸಿಗೆ ಆಟ ಮುಗಿಯಿತು.

ಇಂದು ಅದೇ ಗಾಯ ಬಂದರೆ ದಾರಿ ಬೇರೆ. ಮಂಡಿ ತಿರುಚಿದಾಗ 'ಟಪ್' ಎಂಬ ಸದ್ದು ಕೇಳಿಸಿ, ಒಂದೆರಡು ಗಂಟೆಯೊಳಗೆ ಊದಿಕೊಂಡರೆ ಕೀಲಿನೊಳಗೆ ರಕ್ತ ಸೋರಿದೆ ಎಂದರ್ಥ, ಎಸಿಎಲ್ ಹರಿದಿರುವ ಸಂಭವ ಬಲವಾಗಿದೆ. ನಮ್ಮ ಕಬಡ್ಡಿ ಅಂಕಣಗಳಲ್ಲೂ ಇದೇ ಕಥೆ, 'ಉಳುಕು' ಎಂದು ಎಣ್ಣೆ ತಿಕ್ಕಿಸಿಕೊಂಡು ತಿಂಗಳು ಕಳೆಯುವವರು ಬೇಕಾದಷ್ಟು. ಎಕ್ಸ್‌ರೇಯಲ್ಲಿ ಲಿಗಮೆಂಟು ಕಾಣಿಸುವುದಿಲ್ಲ. ವೈದ್ಯರು ಮಂಡಿಯನ್ನು 20-30 ಡಿಗ್ರಿ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಿಂದ ಕಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಇದು ಲಾಕ್‌ಮನ್ ಪರೀಕ್ಷೆ. ಎಳೆತ ಒಂದೆಡೆ ಗಟ್ಟಿಯಾಗಿ ನಿಲ್ಲದೆ ಮೆತ್ತಗೆ ಜಾರಿದರೆ ಎಸಿಎಲ್ ಹೋಗಿದೆ. ಎಂಆರ್‌ಐ ಅದನ್ನು ಖಚಿತಪಡಿಸಿ, ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಕೂಡ ಹರಿದಿದೆಯೇ ಎಂದು ತೋರಿಸುತ್ತದೆ.

ಕ್ಲಫ್‌ರಂತೆ ಎರಡೂ ಹರಿದಿದ್ದರೆ ಸಾಮಾನ್ಯವಾಗಿ ಮೊದಲು ಬ್ರೇಸ್ ಹಾಕಿ ಎಂಸಿಎಲ್ ಕೂಡಲು ಬಿಡುತ್ತಾರೆ, ಊತ ಇಳಿದು ಮಂಡಿ ಸಲೀಸಾಗಿ ಮಡಚುವಂತಾದ ಮೇಲೆ ಶಸ್ತ್ರಚಿಕಿತ್ಸೆ. ಊದಿದ, ಬಿಗಿದ ಮಂಡಿಗೆ ಆತುರದಲ್ಲಿ ಕೈ ಹಾಕಿದರೆ ಒಳಗೆ ಗಾಯದ ನಾರು ಬೆಳೆದು ಕೀಲು ಸೆಟೆದುಕೊಳ್ಳುತ್ತದೆ. ಎಂಸಿಎಲ್ ಸಡಿಲವಾಗಿಯೇ ಉಳಿದರೆ ಹೊಸ ಎಸಿಎಲ್ ಮೇಲೆ ಹೊರೆ ಬೀಳುತ್ತದೆ. ಹರಿದ ಎಸಿಎಲ್ ಜಾಗದಲ್ಲಿ ಕೂರಿಸುವ ನಾಟಿಗೆ ಮಂಡಿಚಿಪ್ಪಿನ ರಜ್ಜುವಿನಿಂದ ಸುಮಾರು 10 ಮಿಲಿಮೀಟರ್ ಅಗಲದ ಪಟ್ಟಿಯನ್ನು ಎರಡೂ ತುದಿಯಲ್ಲಿ ಮೂಳೆಯ ತುಂಡು ಸಮೇತ ತೆಗೆಯುತ್ತಾರೆ, ಇಲ್ಲವೇ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ರಜ್ಜುಗಳನ್ನು ನಾಲ್ಕು ಪದರ ಮಡಿಸಿ ಬಳಸುತ್ತಾರೆ. ತೊಡೆಮೂಳೆಯಲ್ಲಿ ಕೊರೆಯುವ ಸುರಂಗ ಕೆಲವು ಮಿಲಿಮೀಟರ್ ಮುಂದಕ್ಕೆ ಬಂದರೂ ಕಷ್ಟ: ಮಡಿಸಿದಾಗಲೆಲ್ಲ ನಾಟಿ ಅತಿಯಾಗಿ ಬಿಗಿದು, ಕೊನೆಗೆ ಹಿಗ್ಗಿ ಸೋಲುತ್ತದೆ.

ಆಟಗಾರರು ಎಡವುವುದು ಮಾತ್ರ ಇದಾದ ಮೇಲೆ. ಕೂರಿಸಿದ ರಜ್ಜು ಮೊದಲು ಸತ್ತ ನಾರು. ಅದರೊಳಗೆ ಹೊಸ ರಕ್ತನಾಳ, ಹೊಸ ಕೋಶ ತುಂಬಬೇಕು. ಆ ನಡುವೆ, ಅಂದಾಜು ಎರಡು-ಮೂರು ತಿಂಗಳ ಹೊತ್ತಿಗೆ, ನಾಟಿ ಕೂರಿಸಿದ ದಿನಕ್ಕಿಂತ ದುರ್ಬಲವಾಗಿರುತ್ತದೆ. ಅದೇ ಹೊತ್ತಿಗೆ ನೋವು ಹೋಗಿ, 'ಆರಾಮಾಗಿದೆ' ಅನ್ನಿಸುತ್ತದೆ! ನಾರ್ವೆಯ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಕ್ಯಾಲೆಂಡರೊಂದೇ ಸಾಲದು: ಗಾಯವಾದ ಕಾಲಿನ ಕ್ವಾಡ್ರಿಸೆಪ್ಸ್ ಬಲ ಇನ್ನೊಂದರ ಶೇಕಡಾ 90ರಷ್ಟಾದರೂ ಇರಬೇಕು, ಒಂಟಿಕಾಲಿನ ಜಿಗಿತದ ದೂರವೂ ಹಾಗೆಯೇ.

ಎಸಿಎಲ್ ಗಾಯಗಳಲ್ಲಿ ಹೆಚ್ಚಿನವು ಯಾರೂ ಮುಟ್ಟದೆ, ತಿರುಗುವಾಗಲೋ ಜಿಗಿದು ಇಳಿಯುವಾಗಲೋ ಆಗುತ್ತವೆ. ಅವನ್ನು ತಗ್ಗಿಸಲೆಂದೇ ಫಿಫಾ 11+ ಎಂಬ ವಾರ್ಮ್‌ಅಪ್ ಇದೆ: 15 ವ್ಯಾಯಾಮ, 20 ನಿಮಿಷ, ವಾರಕ್ಕೆ ಕನಿಷ್ಠ ಎರಡು ಸಲ. ಕ್ಲಫ್‌ರನ್ನು ಇದೂ ಉಳಿಸುತ್ತಿರಲಿಲ್ಲ, ಅದು ಡಿಕ್ಕಿಯ ಗಾಯ.

ಮುಂದೆ ಕ್ಲಫ್ ಕಣ್ಣೆದುರೇ ಇನ್ನೊಂದು ಮಂಡಿ ಹೋಯಿತು. 1991ರ ಎಫ್‌ಎ ಕಪ್ ಫೈನಲ್‌ನಲ್ಲಿ ಅವರ ಫಾರೆಸ್ಟ್ ವಿರುದ್ಧ ಆಡುತ್ತ ಪಾಲ್ ಗ್ಯಾಸ್ಕಾಯಿನ್ ಕ್ರೂಸಿಯೇಟ್ ಹರಿದುಕೊಂಡರು. 1992ರಲ್ಲಿ ಇಟಲಿಯ ಲಾಜಿಯೋ ತಂಡದ ಪರ ಮತ್ತೆ ಅಂಗಳಕ್ಕಿಳಿದರು. ಕ್ಲಫ್ ಐರ್ಲೆಂಡಿನಿಂದ ಕರೆತಂದ ಹುಡುಗ ರಾಯ್ ಕೀನ್‌ಗೆ 1997ರ ಸೆಪ್ಟೆಂಬರಿನಲ್ಲಿ ಇದೇ ಗಾಯವಾಯಿತು. ಮುಂದಿನ ಹಂಗಾಮಿಗೆ ಮರಳಿದ ಕೀನ್ ನಾಯಕತ್ವದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಲೀಗ್, ಎಫ್‌ಎ ಕಪ್, ಯುರೋಪಿಯನ್ ಕಪ್ ಮೂರನ್ನೂ ಗೆದ್ದಿತು. ಯುರೋಪಿನ ಫೈನಲ್ ಅವರಿಗೆ ತಪ್ಪಿದ್ದು ನಿಜ, ಆದರೆ ಅದಕ್ಕೆ ಕಾರಣ ಹಳದಿ ಕಾರ್ಡು, ಮಂಡಿಯಲ್ಲ.