ಕೋಶದೊಳಗಿನ ಸೆನ್ಸರ್ ಮತ್ತು ಹದಿನಾರು ವರ್ಷ ದಾರಿ ತಪ್ಪಿಸಿದ ಇಲಿ

ಕಾಲರಾ ಬ್ಯಾಕ್ಟೀರಿಯಾ ಸತ್ರೂ ಅದರ ಮೈಯಲ್ಲಿರೋ ವಿಷ ಪ್ರಾಣ ತೆಗೆಯುತ್ತೆ ಅಂತ ಬರ್ಲಿನ್‌ನಲ್ಲಿ ರಿಚರ್ಡ್ ಫೈಫರ್ 1892ರಲ್ಲೇ ಹೇಳಿದ್ರು. ಅದೇ ಎಂಡೋಟಾಕ್ಸಿನ್, ಈಗ ಎಲ್‌ಪಿಎಸ್ ಅಂತಾರೆ, ಇ. ಕೋಲಿ, ಸಾಲ್ಮೊನೆಲ್ಲಾ ಥರದವುಗಳ ಹೊರಪದರದಲ್ಲಿರುತ್ತೆ. ನಮ್ಮ ದೇಹ ಇದನ್ನ ಗುರುತಿಸೋದು ಹೇಗೆ ಅನ್ನೋದು ಗೊತ್ತಾಗೋಕೆ ನೂರು ವರ್ಷ ದಾಟ್ತು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ, ಎಲ್‌ಪಿಎಸ್ ಚುಚ್ಚಿದ್ರೂ ಜಗ್ಗದ ಇಲಿಗಳಲ್ಲಿ ಟಿಎಲ್ಆರ್4 ಅನ್ನೋ ಜೀನ್ ಕೆಟ್ಟಿದೆ ಅಂತ ತೋರಿಸ್ತು, 2011ರಲ್ಲಿ ಅವರಿಗೆ ನೊಬೆಲ್‌ನಲ್ಲಿ ಪಾಲೂ ಸಿಕ್ತು.

ಆದ್ರೆ ಆ ಜೀನ್ ತಯಾರಿಸೋ ಟಿಎಲ್ಆರ್4 ಸೆನ್ಸರ್ ಕೂತಿರೋದು ಕೋಶದ ಪೊರೆ ಮೇಲೆ. ಬ್ಯಾಕ್ಟೀರಿಯಾ ಪೊರೆ ದಾಟಿ ಕೋಶದ ಒಳಗೇ ಬಂದುಬಿಟ್ರೆ ಯಾರು ಹಿಡೀತಾರೆ?

ಉತ್ತರ ಸಿಗಬಹುದಾಗಿದ್ದ ಇಲಿ 1995ರಲ್ಲೇ ರೆಡಿಯಾಗಿತ್ತು. ಕ್ಯಾಸ್ಪೇಸ್-1 (ಕ್ಯಾಸ್ಪೇಸ್ ಅಂದ್ರೆ ಬೇರೆ ಪ್ರೋಟೀನ್‌ಗಳನ್ನ ಕತ್ತರಿಸೋ ಕಿಣ್ವ) ಜೀನ್ ತೆಗೆದ ಇಲಿ ಅದು, ಎಲ್‌ಪಿಎಸ್ ಕೊಟ್ರೂ ಸಾಯ್ತಿರಲಿಲ್ಲ, ಸರಿ, ಹಾಗಾದ್ರೆ ಕೊಲ್ಲೋದು ಕ್ಯಾಸ್ಪೇಸ್-1 ಅಂತ ಎಲ್ರೂ ನಂಬಿದ್ರು. 2011ರಲ್ಲಿ ಜೆನೆನ್‌ಟೆಕ್ ಅನ್ನೋ ಔಷಧ ಕಂಪನಿಯ ನೊಬುಹಿಕೊ ಕಯಾಗಾಕಿ, ವಿಶ್ವ ದೀಕ್ಷಿತ್ ತಂಡ ನೋಡಿದ್ರೆ ಆ ಇಲಿಗಳನ್ನ ಮಾಡಿದ್ದು '129' ಅನ್ನೋ ತಳಿಯ ಕಾಂಡಕೋಶದಿಂದ, ಆ ತಳಿಯಲ್ಲಿ ಪಕ್ಕದ ಕ್ಯಾಸ್ಪೇಸ್-11 ಜೀನ್ ಮೊದಲಿಂದಲೂ ಕೆಟ್ಟಿತ್ತು, ಎರಡೂ ಜೀನ್ ಎಷ್ಟು ಹತ್ತಿರ ಅಂದ್ರೆ ಎಷ್ಟು ತಲೆಮಾರು ಕ್ರಾಸ್ ಮಾಡಿದ್ರೂ ಬಾಲದ ಥರ ಜೊತೆಗೇ ಬರ್ತಿತ್ತು. ಅಂದ್ರೆ ಅಷ್ಟು ವರ್ಷ ಲ್ಯಾಬ್‌ಗಳಲ್ಲಿ ಇದ್ದದ್ದು ಎರಡೂ ಇಲ್ಲದ ಇಲಿ! ನಿಜವಾದ ಆರೋಪಿ ಕ್ಯಾಸ್ಪೇಸ್-11. ಎಷ್ಟು ಪೇಪರ್‌ಗಳನ್ನ ಮತ್ತೆ ಓದಬೇಕಾಗಿ ಬಂತೋ ಪಾಪ.

ಆಮೇಲೆ ಎಲ್ಲಾ ಬೇಗ ಬೇಗ ಆಯ್ತು. ಟಿಎಲ್ಆರ್4 ಇಲ್ಲದಿದ್ರೂ ಕೋಶದೊಳಗೆ ಎಲ್‌ಪಿಎಸ್ ಬಂದ್ರೆ ಕ್ಯಾಸ್ಪೇಸ್-11 ಎದ್ದೇಳುತ್ತೆ ಅಂತ 2013ರಲ್ಲಿ ಎರಡು ತಂಡ ತೋರಿಸಿದ್ವು. ಮಧ್ಯೆ ಬೇರೆ ಯಾವುದೋ ರಿಸೆಪ್ಟರ್ ಇರಲೇಬೇಕು ಅಂತ ಹುಡುಕ್ತಿದ್ದಾಗ 2014ರಲ್ಲಿ ಬೀಜಿಂಗ್‌ನ ಫೆಂಗ್ ಶಾವೊ ತಂಡ, ಯಾರೂ ಇಲ್ಲ, ಕ್ಯಾಸ್ಪೇಸ್ ತಾನೇ ನೇರವಾಗಿ ಎಲ್‌ಪಿಎಸ್ ಹಿಡ್ಕೊಳ್ಳುತ್ತೆ ಅಂತು. ಮನುಷ್ಯರಲ್ಲಿ ಆ ಕೆಲಸ ಕ್ಯಾಸ್ಪೇಸ್-4 ಮತ್ತು 5ರದ್ದು. ಹಿಡ್ಕೊಂಡು ಅದು ಗ್ಯಾಸ್ಡರ್ಮಿನ್ ಡಿ ಅನ್ನೋ ಪ್ರೋಟೀನನ್ನ ಕತ್ತರಿಸುತ್ತೆ (ಇದು ಗೊತ್ತಾಗಿದ್ದು 2015ರಲ್ಲಿ), ಆ ತುಂಡುಗಳು ಪೊರೆಗೆ ತೂತು ಕೊರೆದು ಕೋಶ ಒಡೆಯುತ್ತೆ, ಬ್ಯಾಕ್ಟೀರಿಯಾಗೆ ಅಡಗೋ ಜಾಗ ಹೋಗುತ್ತೆ. ಇದೇ ಅತಿಯಾದ್ರೆ ಸೆಪ್ಸಿಸ್‌ನಲ್ಲಿ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ದೇಹಕ್ಕೇ ಹಾನಿ ಮಾಡೋ ಸ್ಥಿತಿ) ಪ್ರಾಣಕ್ಕೇ ಕುತ್ತು.

ಇಲಿಯನ್ನ ಈಗಲೂ ಪೂರ್ತಿ ನಂಬೋ ಹಾಗಿಲ್ಲ. ಫ್ರಾನ್ಸಿಸೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಎಲ್‌ಪಿಎಸ್‌ನಲ್ಲಿ ಸಾಮಾನ್ಯ ಆರರ ಬದಲು ನಾಲ್ಕೇ ಕೊಬ್ಬಿನ ಎಳೆ, ಇಲಿಯ ಕ್ಯಾಸ್ಪೇಸ್-11ಗೆ ಅದು ಗೊತ್ತೇ ಆಗಲ್ಲ, ನಮ್ಮ ಕ್ಯಾಸ್ಪೇಸ್-4 ಮಾತ್ರ ಹಿಡಿದುಬಿಡುತ್ತೆ.