ಗೆಳೆಯರ ಜೊತೆ ಬಿಡಿಸಿದ ಕೆಮಿಸ್ಟ್ರಿ ಲೆಕ್ಕ ಪರೀಕ್ಷೆಯಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಕಲಬುರಗಿಯಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ನಾಲ್ಕು ಮಂದಿ ಸೇರಿ ಹಳೆ ಪ್ರಶ್ನೆಪತ್ರಿಕೆಗಳ ಕೆಮಿಸ್ಟ್ರಿ ಲೆಕ್ಕ ಬಿಡಿಸುತ್ತೇವೆ. ಆಗ ಎಲ್ಲಾ ತಿಳಿದಂತೆ ಅನಿಸುತ್ತದೆ. ಟೆಸ್ಟ್‌ನಲ್ಲಿ ಒಬ್ಬನೇ ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಗುಂಪಿನಲ್ಲಿ ಓದುವುದನ್ನು ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ನೀವು ಒಬ್ಬರಿಗೊಬ್ಬರು ಸಹಾಯ ಮಾಡುವ ರೀತಿಯನ್ನು ಮಾತ್ರ ಬದಲಿಸಿಕೊಳ್ಳಿ.

ಮೊದಲ ಸಾಲು ಹೊಳೆಯುವುದಿಲ್ಲ ಎಂದಿರಲ್ಲ, ತೊಂದರೆ ಇರುವುದೇ ಅಲ್ಲಿ. ಕೆಮಿಸ್ಟ್ರಿ ಲೆಕ್ಕದಲ್ಲಿ ಗುಣಾಕಾರ ಭಾಗಾಕಾರದ ಕಷ್ಟ ಅಷ್ಟಕ್ಕಷ್ಟೇ. ಯಾವ ಸೂತ್ರ, ಯಾವ ಅಂಕಿ ಎಲ್ಲಿ ಕೂರಬೇಕು ಎಂದು ಗೊತ್ತುಮಾಡಿಕೊಳ್ಳುವುದೇ ನಿಜವಾದ ಕೆಲಸ. ಗುಂಪಿನಲ್ಲಿ ಆ ಕೆಲಸವನ್ನು ಚುರುಕಾದ ಒಬ್ಬ ಮಾಡಿಬಿಡುತ್ತಾನೆ, ಉಳಿದವರು ಅವನ ಹಿಂದೆ ಬರೆದುಕೊಂಡು ಹೋಗುತ್ತಾರೆ. ನೋಟ್‌ಬುಕ್ ತುಂಬುತ್ತದೆ, ತಲೆಗೆ ಕೆಲಸ ಸಿಕ್ಕಿರುವುದಿಲ್ಲ.

ಒಂದು ಲೆಕ್ಕ ತಗೊಳ್ಳಿ. ಮೊದಲನೇ ದರ್ಜೆಯ (ಫಸ್ಟ್ ಆರ್ಡರ್) ಕ್ರಿಯೆ, ಅಂದರೆ ಉಳಿದ ಪ್ರಮಾಣಕ್ಕೆ ತಕ್ಕಂತೆ ವೇಗ ಇರುವ ಕ್ರಿಯೆ, 99 ಪರ್ಸೆಂಟ್ ಮುಗಿಯಲು ಬೇಕಾಗುವ ಸಮಯ, 90 ಪರ್ಸೆಂಟ್ ಮುಗಿಯಲು ಬೇಕಾಗುವ ಸಮಯದ ಎರಡರಷ್ಟು ಎಂದು ತೋರಿಸಬೇಕು. ಸಮಯ ಅಂದರೆ 2.303 ಭಾಗಿಸು ಕೆ (ಕ್ರಿಯೆಯ ವೇಗದ ಸ್ಥಿರಾಂಕ), ಅದಕ್ಕೆ ಗುಣಿಸು ಲಾಗ್ ಆಫ್ ಮೊದಲಿದ್ದ ಪ್ರಮಾಣ ಭಾಗಿಸು ಈಗ ಉಳಿದ ಪ್ರಮಾಣ. ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೂ ಬಹಳ ಮಂದಿ 100ರ ಕೆಳಗೆ 99 ಎಂದು ಬರೆಯುತ್ತಾರೆ. ಪಕ್ಕದವನು "ಲೇ, ಮುಗದಿದ್ದು ಹಾಕಬ್ಯಾಡ, ಉಳದಿದ್ದು ಹಾಕು" ಅಂದರೆ ಸಾಕು, 99 ಅಳಿಸಿ 1 ಬರೆದು ಮುಂದೆ ಹೋಗುತ್ತೀರಿ. ಉತ್ತರ ಸರಿ ಬಂತು. ಯಾಕೆ 1 ಎಂದು ನಿಮಗೆ ನೀವೇ ಹೇಳಿಕೊಳ್ಳಲಿಲ್ಲ, ಹಾಗಾಗಿ ಪರೀಕ್ಷೆಯಲ್ಲಿ ಮತ್ತೆ 99ನ್ನೇ ಬರೆಯುತ್ತೀರಿ.

ಆ ಗೆಳೆಯ ಸುಮ್ಮನಿದ್ದು, "ಹಂಗಾದ್ರ 90ಕ್ಕೂ ಹಂಗೇ ಮಾಡಿ ನೋಡು, ಯಾವುದು ಮೊದಲು ಮುಗೀತದ?" ಎಂದು ಕೇಳಿದ್ದರೆ? ಲಾಗ್ ಟೇಬಲ್ ತೆಗೆದು ನೋಡಿ: 100 ಭಾಗಿಸು 99ರ ಲಾಗ್ ಸುಮಾರು 0.0044, 100 ಭಾಗಿಸು 90ರದ್ದು 0.0458. ಅಂದರೆ 90 ಪರ್ಸೆಂಟ್ ಮುಗಿಯುವ ಮುಂಚೆಯೇ 99 ಪರ್ಸೆಂಟ್ ಮುಗಿದುಹೋಯಿತು! ಇದು ಸಾಧ್ಯವೇ ಇಲ್ಲ ಎಂದು ನಿಮ್ಮ ಕಣ್ಣಿಗೇ ಬಿದ್ದಾಗ ಆ ತಪ್ಪು ಮತ್ತೆ ಹತ್ತಿರ ಸುಳಿಯುವುದಿಲ್ಲ. ಉಳಿದ ಪ್ರಮಾಣ ಹಾಕಿದರೆ 100 ಭಾಗಿಸು 1ರ ಲಾಗ್ 2, 100 ಭಾಗಿಸು 10ರ ಲಾಗ್ 1. ಎರಡರಷ್ಟು ಎಂಬುದು ತಾನಾಗಿಯೇ ಸಿದ್ಧವಾಯಿತು.

ಗೆಳೆಯನಿಗೆ ಮುಂದಿನ ಸಾಲು ಹೇಳಿಕೊಡಬೇಡಿ, ಅವನು ಬರೆದ ಸಾಲಿನ ಬಗ್ಗೆಯೇ ಅವನನ್ನು ಕೇಳಿ. ಇದಕ್ಕೆ ತಾಳ್ಮೆ ಬೇಕು. ಉತ್ತರ ಗೊತ್ತಿದ್ದೂ ಬಾಯಿ ಬಿಗಿಹಿಡಿದು ಕೂರುವುದು ಸುಲಭವಲ್ಲ, ಅದರಲ್ಲೂ ಮಾರ್ಚ್ ತಿಂಗಳ ಕಲಬುರಗಿ ಸೆಕೆಯಲ್ಲಿ. ಮಾಳಿಗೆ ಮೇಲೆ ಸಂಜೆ ಗಾಳಿಗೆ ಕೂತು ಓದುವ ಹುಡುಗರಿಗೆ ನಾನು ಹೇಳುವುದಿಷ್ಟೇ: ಎರಡು ತಾಸಿಗೆ ಹತ್ತು ಲೆಕ್ಕ ಮುಗಿಸುವುದಕ್ಕಿಂತ ಮೂರೇ ಲೆಕ್ಕ ಹೀಗೆ ಮಾಡಿದರೆ ಲಾಭ ಹೆಚ್ಚು.

ಲೆಕ್ಕ ತಿಳಿಯಿತು ಎಂದ ಮೇಲೆ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಒಬ್ಬರಿಗೊಬ್ಬರು ಕೊಡಿ. ಅರ್ಧಾಯು, ಅಂದರೆ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯ, 30 ನಿಮಿಷ ಇದ್ದರೆ 87.5 ಪರ್ಸೆಂಟ್ ಮುಗಿಯಲು ಎಷ್ಟು ಹೊತ್ತು? ನೋಟ್ಸ್ ಮುಚ್ಚಿ, ಬೇರೆ ಬೇರೆ ಮೂಲೆಯಲ್ಲಿ ಕೂತು, ಮಾತಿಲ್ಲದೆ ಬಿಡಿಸಿ. 90 ನಿಮಿಷ ಬಂದರೆ ನಿಮಗೆ ಬಂದಂತೆಯೇ. ಉಪ್ಪುನೀರಿನ ಲೆಕ್ಕಕ್ಕೂ ಹೀಗೇ ಮಾಡಿ. 500 ಗ್ರಾಂ ನೀರಿಗೆ 5.85 ಗ್ರಾಂ ಅಡುಗೆ ಉಪ್ಪು ಹಾಕಿದರೆ ಘನೀಭವನ ಬಿಂದು ಎಷ್ಟು ಇಳಿಯುತ್ತದೆ? ನೀರಿನ ಸ್ಥಿರಾಂಕ 1.86. ಉತ್ತರ 0.372 ಬಂದವರು ಉಪ್ಪು ಎರಡು ಅಯಾನುಗಳಾಗಿ ಒಡೆಯುವುದನ್ನು ಮರೆತಿದ್ದಾರೆ, ಸರಿಯಾದದ್ದು 0.744 ಕೆಲ್ವಿನ್. ಯಾರು ಎಲ್ಲಿ ಎಡವಿದರು ಎಂದು ಆಮೇಲೆ ನೋಟ್‌ಬುಕ್ ಅದಲುಬದಲು ಮಾಡಿ ನೋಡಿಕೊಳ್ಳಿ. ಸೂತ್ರ, ಅಂಕಿ ತುಂಬಿದ ಸಾಲು, ಯೂನಿಟ್ ಸಮೇತ ಉತ್ತರ, ಮೂರೂ ಇವೆಯೇ ಎಂದು ಮೌಲ್ಯಮಾಪಕರ ಹಾಗೆ ತಿದ್ದಿ.

ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಪ್ರಶ್ನೆ ನೋಡಿಯೇ ಹಿಂಜರಿಯುತ್ತಾರೆ. ಅಂಥವರಿಗೆ ಗುಂಪು ದೊಡ್ಡ ಆಸರೆ. ಕನ್ನಡದಲ್ಲೋ ದಖನಿಯಲ್ಲೋ ಮಾತಾಡಿ ತಿಳಿದುಕೊಳ್ಳಿ, ಬರೆಯುವಾಗ ಇಂಗ್ಲಿಷ್‌ನಲ್ಲಿ ಬರೆಯಿರಿ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೇನೂ ಇಲ್ಲ.

ಸೊಲ್ಯೂಷನ್ಸ್, ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್ ಈ ಮೂರು ಪಾಠಗಳಿಗೆ ಗುಂಪು ಚೆನ್ನಾಗಿ ಒಗ್ಗುತ್ತದೆ. ಆರ್ಗ್ಯಾನಿಕ್‌ನಲ್ಲಿ ವಿಜ್ಞಾನಿಗಳ ಹೆಸರಿರುವ ಕ್ರಿಯೆಗಳನ್ನು ಒಬ್ಬರೇ ಬರೆದು ಬರೆದು ಕಲಿಯಬೇಕು. ಸಿಇಟಿಗೆ ಕೆಮಿಸ್ಟ್ರಿಯಲ್ಲಿ 60 ಪ್ರಶ್ನೆಗೆ 80 ನಿಮಿಷ ಸಿಗುವುದರಿಂದ ಆ ವೇಗದ ಅಭ್ಯಾಸವನ್ನೂ ಒಬ್ಬರೇ ಗಡಿಯಾರ ಇಟ್ಟುಕೊಂಡು ಮಾಡಿ.

ನಾಲ್ವರೂ ಒಂದೇ ಕಡೆ ಸಿಕ್ಕಿಬಿದ್ದರೆ ಗೈಡ್‌ನ ಉತ್ತರ ನಕಲು ಮಾಡಿ ಮುಂದೆ ಹೋಗಬೇಡಿ. ಎಲ್ಲಿಯ ತನಕ ಬಂದಿರಿ, ಯಾವ ಸಾಲಿನಲ್ಲಿ ನಿಂತಿರಿ ಎಂದು ಗುರುತು ಹಾಕಿ ಮರುದಿನ ಲೆಕ್ಚರರ್ ಹತ್ತಿರ ಒಯ್ಯಿರಿ. "ಸರ್, ಈ ಲೆಕ್ಕ ಬರಲ್ಲ" ಅನ್ನುವ ಬದಲು "ಸರ್, ಈ ಸಾಲಿನ ಮುಂದ ಹ್ಯಾಂಗ?" ಎಂದು ಕೇಳಿದರೆ ಅವರಿಗೂ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗುತ್ತದೆ.